ತಡೆ ಒಡೆದ ದಿನ

ಬೆಳಗ್ಗೆ ಒಂಬತ್ತೂವರೆಗೆ ಪುಟ್ಟತಾಯಿ ಕಲ್ಲುಮಂಟಿಯ ಛತ್ರದ ಬೀದಿಯಲ್ಲಿ, ಮುಚ್ಚಳ ತೆಗೆದ ಮ್ಯಾನ್‌ಹೋಲಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಹದಿನೆಂಟು ಅಡಿ ಕೆಳಗಿದ್ದ ತಮ್ಮನ ಮೂಗಿನಿಂದ ವಾಸನೆ ನೋಡುತ್ತಿದ್ದಳು. ಕಿವಿಯ ಹಿಂದೆ ಅಂಟಿಸಿಕೊಂಡಿದ್ದ ಬೆರಳಗಲದ ಪಟ್ಟಿಯೊಂದು ಅದನ್ನು ಅವಳಿಗೆ ತಂದುಕೊಡುತ್ತಿತ್ತು. ಮೊದಲು ಹುಳಿತ ಗಂಜಿ ಬಂತು, ಆಮೇಲೆ ಸೋಪಿನ ನೀರು, ಅದರಡಿಗೆ ಮಲ, ಅದಕ್ಕೂ ಅಡಿಗೆ ಕೊಳೆತ ಮೊಟ್ಟೆ. ಪುಟ್ಟತಾಯಿ ಮುಖ ಸ್ವಲ್ಪವೂ ಕಿವುಚಲಿಲ್ಲ. ಅವಳ ಒಂದು ಕೈ ಮೂರು ಕಾಲಿನ ರಾಟೆಯ ಹಿಡಿಯ ಮೇಲೆಯೇ ಇತ್ತು.

ಇದ್ದಕ್ಕಿದ್ದಂತೆ ಕೊಳೆತ ಮೊಟ್ಟೆ ನಿಂತುಹೋಯಿತು. ಅದರ ಜೊತೆಗೆ ಉಳಿದದ್ದೂ ನಿಂತಿತು. ಪುಟ್ಟತಾಯಿ ಕೂಗಲಿಲ್ಲ, ಯಾರನ್ನೂ ಕೇಳಲಿಲ್ಲ, ಎದ್ದು ನಿಂತು ರಾಟೆ ತಿರುಗಿಸಿದಳು. ಹಗ್ಗದ ತುದಿಯಲ್ಲಿ ಲೋಹಿತ ಕೆಸರು ಸುರಿಸುತ್ತಾ ಮೇಲೆ ಬಂದ. ಬಂದವನು ಸಿಡುಕಿದ.

"ಯಾಕಕ್ಕ ಎಳ್ದೆ? ನಾತ ಈಗ್ತಾನೇ ಕಮ್ಮಿ ಆಗಿತ್ತು."

"ಅದ್ಕೇಯ ಎಳ್ದಿದ್ದು" ಎಂದಳು ಅಕ್ಕ.

ಚರಂಡಿಯ ಕೊಳೆತ ಮೊಟ್ಟೆಯ ನಾತಕ್ಕೆ ಕಾರಣ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಅದು ಕೊಂಚವಿದ್ದಾಗ ಗಬ್ಬು ನಾರುತ್ತದೆ. ಹೆಚ್ಚಾದಾಗ ಮಾಡುವ ಮೊದಲ ಕೆಲಸವೆಂದರೆ ವಾಸನೆಯ ನರಕ್ಕೇ ಮಂಕು ಹಿಡಿಸುವುದು, ಬೇಗ ಮೇಲೆಳೆದರೆ ಮಾತ್ರ ಅದು ಚೇತರಿಸಿಕೊಳ್ಳುತ್ತದೆ. ಕೆಳಗಿರುವವನು ನಾತ ಹೋಯಿತು, ಗಾಳಿ ಬಂತು ಎಂದುಕೊಳ್ಳುತ್ತಾನೆ. ಎರಡು ಮೂರು ನಿಮಿಷದಲ್ಲಿ ಅವನ ಉಸಿರೂ ಹೋಗುತ್ತದೆ. ಹತ್ತೊಂಬತ್ತು ವರ್ಷದ ಹಿಂದೆ ಪುಟ್ಟತಾಯಿಯ ಗಂಡ ಇದೇ ಊರಿನ ಇನ್ನೊಂದು ಗುಂಡಿಯೊಳಗಿಂದ "ಈಗ ಪರವಾಗಿಲ್ಲ" ಎಂದು ಕೂಗಿ ಹೇಳಿದ್ದ. ಅದೇ ಅವನ ಕೊನೆಯ ಮಾತು. ಆಗಿನಿಂದ ಈ ಕೆಲಸದವರಲ್ಲಿ ಒಂದು ಮಾತು ಹುಟ್ಟಿಕೊಂಡಿತ್ತು: ನಾತ ನಿಂತರೆ ಹಗ್ಗ.

ಕೆಳಗಿನವನಿಗೆ ನಾತ ನಿಂತದ್ದು ಮೇಲಿನವರಿಗೆ ತಿಳಿಯುವುದು ಹೇಗೆ? ಆ ಪ್ರಶ್ನೆಗೆ ಉತ್ತರವಾಗಿ ಡಾ. ಹಿಮಜಾ ಆರು ವರ್ಷ ದುಡಿದು ಮಾಡಿದ್ದು ಈ ಪಟ್ಟಿ. ಹೆಸರು ಮೂಗುಸರ. ಅದು ಧರಿಸಿದವನ ವಾಸನೆಯ ನರದಲ್ಲಿ ಏನು ನಡೆಯುತ್ತಿದೆಯೋ ಅದನ್ನು ಓದಿ, ಸರದಲ್ಲಿರುವ ಉಳಿದವರ ನರಕ್ಕೆ ಹಾಗೆಯೇ ಮುಟ್ಟಿಸುತ್ತದೆ. ಅನಿಲ ಅಳೆಯುವ ಮೀಟರುಗಳು ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಪುರಸಭೆಯ ಬೀರುವಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ಸಹ ಬಿಚ್ಚದೆ, ಭದ್ರವಾಗಿದ್ದವು. ಬದುಕಿರುವ ಮನುಷ್ಯನ ಮೂಗನ್ನು ಬೀರುವಿನಲ್ಲಿಟ್ಟು ಬೀಗ ಹಾಕಲು ಬರುವುದಿಲ್ಲ ಎಂಬುದೇ ಹಿಮಜಾಳ ಲೆಕ್ಕಾಚಾರವಾಗಿತ್ತು.

ನೆಲದಡಿಯಿಂದ ಸಂಕೇತ ದೂರ ಹೋಗುವುದಿಲ್ಲ. ಆದ್ದರಿಂದ ಊರಿನ ಬೀದಿಕಂಬಗಳ ಮೇಲೆ ಹದಿನಾಲ್ಕು ಪೆಟ್ಟಿಗೆಗಳನ್ನು ಕೂರಿಸಿ, ಒಂದರಿಂದೊಂದಕ್ಕೆ ಹದಿನಾರು ದಾರಿಗಳನ್ನು ಎಳೆದಿದ್ದರು. ಪೆಟ್ಟಿಗೆಯ ಬುದ್ಧಿ ಬಹಳ ಸರಳ. ಒಂದು ಕಡೆಯಿಂದ ವಾಸನೆ ಬಂದರೆ ಅದರ ಪ್ರತಿಯನ್ನು ಉಳಿದೆಲ್ಲ ಕಡೆಗೂ ಕಳಿಸುವುದು, ಅಷ್ಟೇ. ಇದು ಎಲ್ಲಿಂದ ಬಂತು, ಎಷ್ಟು ಹಳೆಯದು, ಇದನ್ನು ಆಗಲೇ ಒಮ್ಮೆ ಕಳಿಸಿದ್ದೆನೇ ಎಂದು ಅದು ಕೇಳುವುದಿಲ್ಲ. ಹೀಗಿರುವಾಗ ದಾರಿಗಳು ಎಲ್ಲಾದರೂ ಸುತ್ತಿ ಬಂದು ಬಳೆಯಂತೆ ಕೂಡಿಕೊಂಡರೆ, ಒಂದೇ ವಾಸನೆ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿಗೂ ಮರಿ ಹಾಕುತ್ತದೆ. ಹಾಗೆಂದು ಹೆಚ್ಚುವರಿ ದಾರಿಗಳನ್ನು ಕಿತ್ತುಹಾಕುವಂತೆಯೂ ಇಲ್ಲ. ಲಾರಿ ಗುದ್ದಿ ಒಂದು ಕಂಬ ಬಿದ್ದರೆ ಕೆಳಗಿರುವವನ ಗತಿ?

ಹಿಮಜಾ ಇದಕ್ಕೆ ಕಂಪ್ಯೂಟರ್ ಜಾಲಗಳ ಹಳೆಯ ಉಪಾಯವನ್ನೇ ಬಳಸಿದ್ದಳು. ಅತಿ ಚಿಕ್ಕ ನಂಬರಿನ ಪೆಟ್ಟಿಗೆ ತಾಯಿಪೆಟ್ಟಿಗೆ. ಅದು ಎರಡು ಸೆಕೆಂಡಿಗೊಮ್ಮೆ "ನಾನಿದ್ದೇನೆ" ಎಂದು ಸಾರುತ್ತದೆ. ಉಳಿದವು ತಾಯಿಗೆ ಅತಿ ಹತ್ತಿರದ ದಾರಿಯೊಂದನ್ನು ಇಟ್ಟುಕೊಂಡು, ಸುತ್ತು ಬೀಳುವ ದಾರಿಗಳನ್ನು ತಾವೇ ಮುಚ್ಚುತ್ತವೆ. ಹದಿನಾಲ್ಕು ಪೆಟ್ಟಿಗೆ ಕೂಡಿಸಲು ಹದಿಮೂರು ದಾರಿ ಸಾಕು. ಹದಿನಾರರಲ್ಲಿ ಉಳಿದ ಮೂರು ಮುಚ್ಚಿಕೊಂಡು, ಎಚ್ಚರವಾಗಿ, ಕಾಯುತ್ತಿರುತ್ತವೆ. ತೆರೆದ ದಾರಿ ಯಾವುದಾದರೂ ಸತ್ತರೆ ಇವುಗಳಲ್ಲಿ ಒಂದು ಆ ಕ್ಷಣವೇ ತೆರೆದುಕೊಳ್ಳುತ್ತದೆ. ಛತ್ರದ ಮುಂದೆ ನಿಲ್ಲಿಸಿದ್ದ ದೊಡ್ಡ ಬೋರ್ಡಿನಲ್ಲಿ ಹದಿಮೂರು ಹಸಿರು ದೀಪ, ಮೂರು ಕೆಂಪು ದೀಪ ಉರಿಯುತ್ತಿದ್ದವು. ಕೆಂಪು ದೀಪಗಳ ಕೆಳಗೆ ಏನು ಬರೆಯುವುದೆಂದು ಹಿಮಜಾ ಒಂದು ಸಂಜೆಯೆಲ್ಲ ಯೋಚಿಸಿ, ಚಿಕ್ಕದಾದ ಅಚ್ಚಗನ್ನಡ ಪದವೊಂದನ್ನು ಆರಿಸಿದ್ದಳು. ತಡೆ.

ಅವಳು ಹುಟ್ಟಿ ಬೆಳೆದದ್ದು ಬೀದರಿನಲ್ಲಿ. ಈ ಸೀಮೆಯಲ್ಲಿ ತಡೆ ಎಂದರೆ ಬೇರೆಯೇ ಅರ್ಥವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೆಣ್ಣಿಗೆ ಮದುವೆ ಕೂಡಿಬರದಿದ್ದರೆ ತಡೆ, ಅಂಗಡಿಗೆ ಗಿರಾಕಿ ಹತ್ತದಿದ್ದರೆ ತಡೆ. ಅಮಾವಾಸ್ಯೆಯ ದಿನ ಪೂಜಾರಿಯ ಮುಂದೆ ನಿಂತು, ನಿಂಬೆಹಣ್ಣು ಕೊಯ್ಯಿಸಿ, ಬೂದುಗುಂಬಳ ಒಡೆಸಿ ತಡೆ ಒಡೆಸಿಕೊಂಡು ಬಂದರೆ ಹಾದಿ ಸಲೀಸು ಎಂದು ಇಲ್ಲಿನವರ ನಂಬಿಕೆ. ನಂಬುವವರು ನಂಬಲಿ, ಅದರಿಂದ ಯಾರ ಗಂಟೂ ಹೋಗುವುದಿಲ್ಲ. ಆದರೆ ಪುರಸಭೆಯ ಅಧ್ಯಕ್ಷ ಜಯಸಿಂಹ ಎರಡು ಸಲ ವಿಧಾನಸಭೆಗೆ ನಿಂತು ಸೋತಿದ್ದವನು. ನಿಮಗೆ ತಡೆ ಇದೆ ಎಂದು ಅವನ ಜ್ಯೋತಿಷಿ ಹೇಳಿ ವಾರ ಕಳೆದಿರಲಿಲ್ಲ. ಮೂಗುಸರದ ಉದ್ಘಾಟನೆಯ ಹಿಂದಿನ ದಿನ, ಪುಟ್ಟತಾಯಿ ತಮ್ಮನನ್ನು ಮೇಲೆಳೆದ ಆ ಬೆಳಗ್ಗೆಯೇ, ಬಂದು ನೋಡಿದರೆ, ತನ್ನದೇ ಕಾರ್ಯಕ್ರಮದ ಬೋರ್ಡಿನ ಮೇಲೆ, ಕೆಂಪಕ್ಷರದಲ್ಲಿ, ಒಂದಲ್ಲ ಮೂರು ತಡೆ.

"ಮೇಡಂ, ಮಂತ್ರಿಗಳು ಬರೋ ಹೊತ್ಗೆ ಎಲ್ಲಾ ಗ್ರೀನ್ ಇರ್ಬೇಕು" ಎಂದ.

ಹಿಮಜಾ ಬಳೆಯ ಹೋಲಿಕೆ ಕೊಟ್ಟು, ಗೆರೆ ಎಳೆದು, ಕಾಲು ಗಂಟೆ ವಿವರಿಸಿದಳು. ಕೆಂಪು ಎಂದರೆ ಕೆಟ್ಟದ್ದಲ್ಲ, ಕಾದಿರುವ ದಾರಿ ಎಂದಳು. ಜಯಸಿಂಹ ಎಲ್ಲದಕ್ಕೂ ತಲೆದೂಗಿದ. ಏನೂ ಕೇಳಿಸಿಕೊಳ್ಳದವರು ಹೆಚ್ಚಾಗಿ ತಲೆದೂಗುತ್ತಾರೆ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಇನ್ನೊಂದು ಹೇಸಿಗೆಯ ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಮನುಷ್ಯನನ್ನು ಚರಂಡಿಗೆ ಇಳಿಸಬಾರದು ಎಂಬ ಕಾನೂನಿಗೆ ಆಗಲೇ ಸುಮಾರು ಅರ್ಧ ಶತಮಾನದ ವಯಸ್ಸು. ಕಲ್ಲುಮಂಟಿಯಲ್ಲಿ ಚರಂಡಿ ತೆಗೆಯುವ ಯಂತ್ರವೂ ಇತ್ತು. ಅದು ಕೆಟ್ಟು ನಾಲ್ಕು ತಿಂಗಳಾಗಿತ್ತು, ಪುರಸಭೆಯ ಹಿತ್ತಿಲಲ್ಲಿ ಅದರ ಪೈಪಿನೊಳಗೆ ಬೆಕ್ಕು ಮರಿ ಹಾಕಿತ್ತು. ಹೀಗಿರುವಾಗ ಹಿಮಜಾಳ ಮೂಗುಸರದ ಸುದ್ದಿ ಮೇಲಿನವರಿಗೆ ಮುಟ್ಟಿತು. ಅವರು ಅದನ್ನು ನೋಡಿ ಎಷ್ಟು ಸಂತೋಷಪಟ್ಟರೆಂದರೆ, ಕಾನೂನಿಗೇ ಒಂದು ಸಾಲು ಸೇರಿಸಿದರು: ಮೂಗುಸರದ ಕಾವಲಿರುವಲ್ಲಿ ಇಳಿಯುವುದು ಸುರಕ್ಷಿತವೆಂದು ಪರಿಗಣಿಸಲಾಗುವುದು. ಸಾಯದಿರಲಿ ಎಂದು ಅವಳು ಮಾಡಿದ ವಸ್ತು ಇಳಿಸುವುದಕ್ಕೆ ಪರವಾನಗಿಯಾಯಿತು. ಆ ಕಾಗದದ ಕೆಳಗೆ ತಜ್ಞೆಯ ಸಹಿ ಹಿಮಜಾಳದೇ. ಹೇಗೂ ಇಳಿಸುತ್ತಾರೆ, ಜೀವವಾದರೂ ಉಳಿಯಲಿ ಎಂದುಕೊಂಡು ಅವಳು ಸಹಿ ಮಾಡಿದ್ದಳು. ಉದ್ಘಾಟನೆಗೆ ಗೊಂಬೆ ಇಳಿಸೋಣ ಎಂದೂ ಕೇಳಿಕೊಂಡಿದ್ದಳು. ಆಳಿಲ್ಲದೆ ಎಂಥ ಪ್ರದರ್ಶನ ಎಂದು ಜಯಸಿಂಹ ನಕ್ಕಿದ್ದ.

ಮರುದಿನ ಹತ್ತು ಐವತ್ತಕ್ಕೆ ಮುಹೂರ್ತ. ಛತ್ರದ ಮುಂದೆ ಶಾಮಿಯಾನ, ಮಂತ್ರಿ, ಹಾರ, ಮೈಸೂರ್‌ಪಾಕು ಮತ್ತು ಖಾರದ ಪೊಟ್ಟಣ. ಗಣ್ಯರಿಗೆಲ್ಲ ಒಂದು ನಿಮಿಷದ ಅನುಭವಕ್ಕೆಂದು ಕಿವಿಯ ಹಿಂದೆ ಪಟ್ಟಿ ಅಂಟಿಸಿದ್ದರು, ಅವರು ಮೂಸಿದ್ದೂ ಸರಕ್ಕೆ ಸೇರುತ್ತಿತ್ತು. ಅವರಿಗೆ ಬರುವ ವಾಸನೆಯನ್ನು ಹಿಮಜಾ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿಟ್ಟಿದ್ದಳು, ಪಾಪ ತಡೆಯಲಾರರು ಎಂದು. ಐವತ್ತು ಮಾರು ಆಚೆ, ಮ್ಯಾನ್‌ಹೋಲಿನ ಬಳಿ ಅವಳೂ ಪುಟ್ಟತಾಯಿಯೂ ನಿಂತಿದ್ದರು. ಲೋಹಿತ ಹಗ್ಗ ಬಿಗಿದುಕೊಂಡು, ಅಕ್ಕನ ಮುಖ ಒಮ್ಮೆ ನೋಡಿ, ಇಳಿದ. ಛತ್ರದ ಅಡುಗೆಮನೆಯ ಜಿಡ್ಡು ಆ ಗುಂಡಿಯ ತಳದಲ್ಲಿ ಮೂರು ವಾರದಿಂದ ಕಟ್ಟಿತ್ತು, ಹಿಂದಿನ ದಿನದ ಕೆಲಸ ಅರ್ಧಕ್ಕೇ ನಿಂತಿತ್ತು.

ಮೊದಲ ವಾಸನೆ ಸರಿಯಾಗಿಯೇ ಬಂತು. ಶಾಮಿಯಾನದಲ್ಲಿ ಕೆಲವರು ಮೂಗಿಗೆ ಕರವಸ್ತ್ರ ಹಿಡಿದು, ಅದರಿಂದ ಪ್ರಯೋಜನವಿಲ್ಲವೆಂದು ತಿಳಿದು, ನಾಚಿಕೊಂಡು ನಕ್ಕರು. ಅಷ್ಟರಲ್ಲಿ ಜಯಸಿಂಹ ಬೋರ್ಡಿನ ಮುಂದೆ ನಿಂತು ನಿಂಬೆಹಣ್ಣು ಕೊಯ್ದು, ಎರಡು ಹೋಳನ್ನೂ ಎಡಕ್ಕೆ ಬಲಕ್ಕೆ ಎಸೆದ. ಪೂಜಾರಿ ಬೂದುಗುಂಬಳ ಎತ್ತಿ ನೆಲಕ್ಕೆ ಅಪ್ಪಳಿಸಿದ. ಜಯಸಿಂಹ ಕಣ್ಸನ್ನೆ ಮಾಡಿದ ಕೂಡಲೇ ವೈರ್‌ಮನ್ ಚೇತನ, ರಿಪೇರಿಗೆಂದು ಹಿಮಜಾ ತನ್ನ ಕೈಗೆ ಕೊಟ್ಟಿದ್ದ ಕೀಲಿಯಿಂದ, ಬೋರ್ಡಿನ ಮೂರು ತಡೆಗಳನ್ನೂ ಒಂದೊಂದಾಗಿ ತಿರುಗಿಸಿ ತೆರೆದ. ಹದಿನಾರೂ ದೀಪ ಹಸಿರಾದವು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಪೂರ್ತಿಯಾಗಲಿಲ್ಲ. ಸುತ್ತು ಕೂಡಿಕೊಂಡ ದಾರಿಗಳಲ್ಲಿ ಛತ್ರದ ಬೀದಿಯ ನಾತ ಓಡತೊಡಗಿತು, ಒಂದು ಎರಡಾಗಿ, ಎರಡು ನಾಲ್ಕಾಗಿ, ಪ್ರತಿಯ ಮೇಲೆ ಪ್ರತಿಯಾಗಿ ಪಟ್ಟಿಗಳಿಗೆ ನುಗ್ಗಿತು. ಹತ್ತರಲ್ಲಿ ಒಂದು ಪಾಲು ಎಂಬ ಮರ್ಯಾದೆಯನ್ನು ಅದು ಎರಡು ಸೆಕೆಂಡಿನಲ್ಲಿ ದಾಟಿತು. ನಿಜವಾದ ಮೂಗಿಗೆ ಕೆಟ್ಟ ವಾಸನೆಯನ್ನು ಸ್ವಲ್ಪ ಹೊತ್ತಿಗೆ ಮರೆಯುವ ಗುಣವಿದೆ. ಪಟ್ಟಿಗೆ ಅದಿಲ್ಲ. ಮಂತ್ರಿ ಮೈಕಿನ ಮೇಲೆಯೇ ವಾಂತಿ ಮಾಡಿಕೊಂಡ. ಜಯಸಿಂಹ ಹಾರದ ಮೇಲೆ, ಅವನ ಪಕ್ಕದವನು ಜಯಸಿಂಹನ ಮೇಲೆ. ಮೈಸೂರ್‌ಪಾಕು ಬಂದ ದಾರಿಯಲ್ಲೇ ವಾಪಸು ಬಂತು. ಪಟ್ಟಿ ಕಿತ್ತೆಸೆದರೆ ಮುಗಿಯುತ್ತಿತ್ತು, ಆದರೆ ಆ ಗಲಿಬಿಲಿಯಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ. ಬಿಳಿ ಬಟ್ಟೆಯ ಅಷ್ಟೂ ಜನ ಒಬ್ಬರ ಮೇಲೊಬ್ಬರು ಕಕ್ಕುತ್ತಿದ್ದುದನ್ನು ನೋಡಿ ಪೌರಕಾರ್ಮಿಕರ ಕಾಲೊನಿಯಿಂದ ಬಂದು ನಿಂತಿದ್ದ ಹೆಂಗಸರು ಮೊದಲು ಬೆರಗಾಗಿ, ಆಮೇಲೆ ನಕ್ಕರು. ನಗಬೇಕಾದದ್ದೇ. ಅವರ ಮನೆಯವರು ದಿನಾ ಉಂಡು ಬದುಕುತ್ತಿದ್ದ ವಾಸನೆ ಅದು.

ಹಿಮಜಾಳಿಗೆ ನಗು ಬರಲಿಲ್ಲ. ಅವಳು ಬೋರ್ಡಿನ ಕಡೆ ಕತ್ತೆತ್ತಿದಳು. ಹದಿನಾರು ಹಸಿರು. ಏನಾಗಿದೆಯೆಂದು ಒಂದೇ ಕ್ಷಣಕ್ಕೆ ತಿಳಿಯಿತು, ಅದರ ಹಿಂದೆಯೇ ಇನ್ನೂ ಕೆಟ್ಟದ್ದು ತಿಳಿಯಿತು. ನಾತ ನಿಂತರೆ ಹಗ್ಗ. ಈಗ ನಾತ ನಿಲ್ಲುವುದೇ ಇಲ್ಲ. ಕೆಳಗೆ ಲೋಹಿತನ ಮೂಗು ಸತ್ತರೂ ಅವನ ಹಳೆಯ ನಾತ ಊರು ಸುತ್ತುತ್ತಲೇ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳಲೂ ನಿಲ್ಲದೆ ಅವಳು ಶಾಮಿಯಾನದ ಕಡೆ ಓಡಿದಳು. ಬೋರ್ಡು ಇನ್ನು ನಾಲ್ಕು ಹೆಜ್ಜೆ ಇರುವಾಗ ಕುಂಬಳದ ತಿರುಳಿನ ಮೇಲೆ ಕಾಲಿಟ್ಟು ಜಾರಿ ಬಿದ್ದಳು.

ಪುಟ್ಟತಾಯಿ ಕದಲಲಿಲ್ಲ. ಕಣ್ಣು ಮುಚ್ಚಿ, ಬಂದದ್ದನ್ನೆಲ್ಲ ಬಿಡಿಸಿ ನೋಡುತ್ತಿದ್ದಳು. ಜಿಡ್ಡು, ಮಲ, ಮೊಟ್ಟೆ. ಅದರ ಬೆನ್ನಿಗೆ ನಿಂಬೆಹಣ್ಣು. ಮತ್ತೆ ಜಿಡ್ಡು, ಮಲ, ಮೊಟ್ಟೆ, ಮತ್ತೆ ನಿಂಬೆಹಣ್ಣು. ಗುಂಡಿಯೊಳಗೆ ನಿಂಬೆಹಣ್ಣು ಎಲ್ಲಿಂದ ಬಂತು? ಬಂದರೂ ಮೂರು ಮೂರು ಸಲ ಕೊಯ್ಯುವವರು ಯಾರು? ಜಾಲ, ಸುತ್ತು, ಪ್ರತಿ ಒಂದೂ ಅವಳಿಗೆ ಗೊತ್ತಿರಲಿಲ್ಲ. ಬಂದದ್ದೇ ಮತ್ತೆ ಬರುತ್ತಿದೆ, ತಮ್ಮನಿಂದ ಹೊಸದೇನೂ ಬರುತ್ತಿಲ್ಲ, ಅಷ್ಟು ಗೊತ್ತಾಯಿತು. ಎಡಗೈಯಿಂದ ಪಟ್ಟಿ ಕಿತ್ತು ಬಿಸಾಡಿ ಎರಡೂ ಕೈ ರಾಟೆಗೆ ಹಾಕಿದಳು.

ಹಗ್ಗ ಭಾರವಾಗಿತ್ತು. ಹಿಡಿದುಕೊಂಡು ಬರುವವನ ಭಾರವೇ ಬೇರೆ, ತೂಗಾಡುವವನ ಭಾರವೇ ಬೇರೆ. ನಗುತ್ತಿದ್ದ ಹೆಂಗಸರು ಅವಳ ಬೆನ್ನು ನೋಡಿ ನಗು ನಿಲ್ಲಿಸಿ ಓಡಿಬಂದು ಕೈಜೋಡಿಸಿದರು. ಲೋಹಿತ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಗಣ್ಯರಿಗೆಂದು ತರಿಸಿದ್ದ ಆಂಬುಲೆನ್ಸು ವಾಂತಿ ಮಾಡಿಕೊಂಡವರಿಂದ ತುಂಬಿತ್ತು. ಪುಟ್ಟತಾಯಿ ಅದರ ಬಾಗಿಲು ತೆಗೆದು, ಒಳಗಿದ್ದ ಜಯಸಿಂಹನನ್ನು ತೋಳು ಹಿಡಿದು ಇಳಿಸಿ, ಆ ಜಾಗದಲ್ಲಿ ತಮ್ಮನನ್ನು ಮಲಗಿಸಿದಳು.

ಲೋಹಿತ ಬದುಕಿದ. ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ಹಿಮಜಾ ಅವನ ಮೂಗಿಗೆ ಕಾಫಿಪುಡಿ ಹಿಡಿದಳು, ಬೆಳ್ಳುಳ್ಳಿ ಹಿಡಿದಳು, ಕೊನೆಗೆ ಸೀಮೆಎಣ್ಣೆಯನ್ನೂ ಹಿಡಿದಳು. ಅವನು ತಲೆಯಾಡಿಸಿದ. ಏನೂ ಇಲ್ಲ ಎಂದ. ನರ ಮತ್ತೆ ಬೆಳೆಯುವುದು ಅನುಮಾನ ಎಂದು ಡಾಕ್ಟರು ಅವಳನ್ನು ಹೊರಗೆ ಕರೆದು ಹೇಳಿದರು. ಸುದ್ದಿ ಕೇಳಿ ನೋಡಲು ಬಂದಿದ್ದ ಜಯಸಿಂಹ ಮೂಸಂಬಿಯ ಚೀಲವನ್ನು ಮಂಚದ ಮೇಲಿಟ್ಟು, ಸಮಾಧಾನದ ದನಿಯಲ್ಲಿ ಒಂದು ಮಾತು ಆಡಿದ.

"ಒಂದ್ ರೀತೀಲಿ ಒಳ್ಳೇದೇ ಆಯ್ತು ಬಿಡಿ ಮೇಡಂ. ಇನ್ಮೇಲೆ ಅವ್ನಿಗೆ ನಾತನೇ ಹೊಡೆಯಲ್ಲ, ಆರಾಮಾಗಿ ಇಳೀಬೋದು."

ಅವನು ತಮಾಷೆಗೆ ಹೇಳಲಿಲ್ಲ. ಅಂದು ಛತ್ರದ ಬೀದಿಯಲ್ಲಿ ಬಾರದಿದ್ದ ವಾಂತಿ ಹಿಮಜಾಳಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಂತು.

ತನಿಖಾ ಸಮಿತಿ ಆರು ವಾರದಲ್ಲಿ ವರದಿ ಕೊಟ್ಟಿತು. ಗಣ್ಯರಿಗೆ ಪಟ್ಟಿ ತೊಡಿಸಕೂಡದು. ಬೋರ್ಡಿನಲ್ಲಿ ತಡೆ ಎಂಬ ಅಮಂಗಳ ಪದವನ್ನು ತೆಗೆದು ಶುಭ ಎಂದು ಬರೆಯತಕ್ಕದ್ದು. ವೈರ್‌ಮನ್ ಚೇತನನನ್ನು ಕೆಲಸದಿಂದ ತೆಗೆಯತಕ್ಕದ್ದು. ಕೆಟ್ಟ ಯಂತ್ರದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಇಳಿಯುವುದು ಸುರಕ್ಷಿತ ಎಂಬ ಸಾಲು ಇದ್ದಲ್ಲೇ ಇತ್ತು. ಹಿಮಜಾ ತನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ಬರೆದಳು. ಬೇರೊಬ್ಬ ತಜ್ಞರ ಸಹಿ ಈಗಾಗಲೇ ಪಡೆಯಲಾಗಿದೆ ಎಂದು ಉತ್ತರ ಬಂತು.

ಆ ಭಾನುವಾರ ಬೆಳಗ್ಗೆ ಅವಳು ಪೌರಕಾರ್ಮಿಕರ ಕಾಲೊನಿಗೆ ಹೋದಳು. ತಾಯಿಪೆಟ್ಟಿಗೆ ಇದ್ದದ್ದು ಅಲ್ಲಿಯೇ, ಪುಟ್ಟತಾಯಿಯ ಮನೆಯ ಎದುರಿನ ಕಂಬದ ಮೇಲೆ. ಒಂದನೇ ನಂಬರನ್ನು ಈ ಬೀದಿಗೇ ಕೊಡಬೇಕೆಂದು ಹಟ ಹಿಡಿದು ಕೂರಿಸಿದ್ದಳು. ಈಗ ಏಣಿ ಹತ್ತಿ, ಮುಚ್ಚಳ ತೆಗೆದು, ಅದನ್ನು ಆರಿಸಿದಳು. ಕೈಯಲ್ಲಿದ್ದ ಪುಟ್ಟ ಪರದೆಯಲ್ಲಿ ಜಾಲ ತತ್ತರಿಸುವುದನ್ನು ನೋಡುತ್ತಾ ನಿಂತಳು. "ನಾನಿದ್ದೇನೆ" ಎಂಬ ದನಿ ನಿಂತದ್ದೇ ಉಳಿದ ಪೆಟ್ಟಿಗೆಗಳು ಒಂದನ್ನೊಂದು ವಿಚಾರಿಸಿಕೊಂಡವು. ಕಾಫಿ ಆರುವಷ್ಟು ಹೊತ್ತೂ ಆಗಲಿಲ್ಲ, ಎರಡನೇ ನಂಬರು ತಾಯಿಯಾಯಿತು. ಅದಿದ್ದದ್ದು ಅಧ್ಯಕ್ಷರ ಮನೆ ಮುಂದೆ. ಕಾದಿದ್ದ ಒಂದು ದಾರಿ ತೆರೆದುಕೊಂಡಿತು, ಎಲ್ಲ ಮೊದಲಿನಂತೆ ನಡೆಯಿತು. ಒಂದು ಹೋದರೆ ಇನ್ನೊಂದು ಇರುವಂತೆ ಅವಳೇ ಮಾಡಿದ್ದಳು, ಬಹಳ ಚೆನ್ನಾಗಿ ಮಾಡಿದ್ದಳು. ಹದಿನಾಲ್ಕನ್ನೂ ಆರಿಸಬಹುದಿತ್ತು. ಆರಿಸಿದರೆ ಇಳಿಯುವವರು ಇಳಿಯುವುದನ್ನು ನಿಲ್ಲಿಸುವುದಿಲ್ಲ, ಕಾಯುವ ಮೂಗಿಲ್ಲದೆ ಇಳಿಯುತ್ತಾರೆ ಅಷ್ಟೆ. ಅದು ಅರ್ಥವಾದ ಮೇಲೆ ಅವಳಿಗೆ ಏಣಿಯಿಂದ ಇಳಿಯುವುದಕ್ಕೂ ಅಸಹ್ಯವೆನಿಸಿತು, ತನ್ನ ಮೇಲೆಯೇ.

ಪುಟ್ಟತಾಯಿ ಬಾಗಿಲಲ್ಲಿ ಹಗ್ಗ ಒಣಗಹಾಕುತ್ತಿದ್ದಳು. ಏನು ಮಾಡ್ತಾ ಇದ್ದೀ ಎಂದು ಕೇಳಿದಳು. ಹಿಮಜಾ ಕೆಳಗಿಳಿದು, ಕಟ್ಟೆಯ ಮೇಲೆ ಕೂತು, ತಾಯಿಪೆಟ್ಟಿಗೆ, ಕಾದಿರುವ ದಾರಿ ಎಲ್ಲವನ್ನೂ ಹೇಳಿದಳು. ಜಯಸಿಂಹನಿಗೆ ಹೇಳಿದ್ದ ಮಾತುಗಳೇ. ಪುಟ್ಟತಾಯಿ ತಲೆದೂಗಲಿಲ್ಲ, ಕೇಳಿಸಿಕೊಂಡಳು.

"ನೀನು ಹೇಳೋದು ನಮ್ ಕತೇನೇ ಕಣವ್ವ" ಎಂದಳು. "ಮಿಷನ್ ಕೆಟ್ರೆ ನಾವು. ನಮ್ಮನೆಯೋರು ಹೋದ್ರು, ಲೋಹಿತ ಇಳ್ದ. ಲೋಹಿತನ್ ಮೂಗ್ ಹೋಯ್ತು, ನಾಳೀಕೆ ಅವನ್ ಬಾಮೈದ ವಿಹಾನ ಇಳೀತಾನೆ. ಒಂದಿನಾನೂ ಖಾಲಿ ಬಿದ್ದಿಲ್ಲ ಆ ಗುಂಡಿ. ನಿನ್ ಪೆಟ್ಗೇನ ನೀನ್ ಜೋಡ್ಸಿಟ್ಟೆ. ನಮ್ಮುನ್ನ ಹಿಂಗೆ ಒಬ್ರ್ ಹಿಂದೆ ಒಬ್ರುನ್ನ ಜೋಡ್ಸಿಟ್ಟೋರು ಯಾರವ್ವ?"

ಪುಟ್ಟತಾಯಿ ಉತ್ತರಕ್ಕೆ ಕಾಯಲಿಲ್ಲ. ಹಗ್ಗದ ಎಳೆಗಳನ್ನು ಬೆರಳಿನಿಂದ ತಡವಿ ನೋಡುತ್ತಾ, "ಪೆಟ್ಗೆ ಹಚ್ಚವ್ವ, ನಾಳೆ ಕೆಲ್ಸ ಅದೆ" ಎಂದಳು. ಹಿಮಜಾ ಮತ್ತೆ ಏಣಿ ಹತ್ತಿದಳು.

ಇದೆಲ್ಲ ನಡೆಯುವುದು ೨೦೬೧ರಲ್ಲಿ. ಮೂಗುಸರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ, ಕಂಡುಹಿಡಿಯುತ್ತಾರೆಂಬ ಖಾತ್ರಿಯೂ ಇಲ್ಲ. ಆ ಸೋಮವಾರ ಛತ್ರದ ಬೀದಿಯಲ್ಲಿ ಇಳಿದ ವಿಹಾನನಿಗೆ ಆಗ ಮೂವತ್ತು ವರ್ಷ. ಅಂದರೆ ಅವನು ಇನ್ನೂ ಹುಟ್ಟಿಯೇ ಇಲ್ಲ. ಮುಚ್ಚಳ ಮಾತ್ರ ಈಗಲೇ ಇದೆ, ನಿಮ್ಮ ಬೀದಿಯಲ್ಲೂ ಇದೆ, ಇವತ್ತು ಬೆಳಗ್ಗೆ ನೀವೂ ಅದನ್ನು ತುಳಿದು ಬಂದಿರಿ. ಅದರ ಕೆಳಗೆ ಅವನ ಸರದಿಯನ್ನು ನಾವು ಆಗಲೇ ಗೊತ್ತುಮಾಡಿ ಇಟ್ಟಿದ್ದೇವೆ.